ಲವಂಗವೋ, ಥೈಮೋ, ಟೀ ಟ್ರೀಯೋ? ಬೆಳೆಯ ಶಿಲೀಂಧ್ರ ರೋಗಕ್ಕೆ ಸುಗಂಧ ತೈಲ ಆರಿಸುವುದು ಹೇಗೆ

ಲ್ಯಾಬಿನ ಗಾಜಿನ ತಟ್ಟೆಗಳ ಫೋಟೋ ನೀವೂ ನೋಡಿರುತ್ತೀರಿ. ಒಂದು ತಟ್ಟೆಯ ತುಂಬ ಬೂಸ್ಟು. ಪಕ್ಕದ ತಟ್ಟೆಗೆ ಥೈಮ್ ಎಂಬ ಘಮದ ಗಿಡದ ಎಣ್ಣೆ ಒಂದೆರಡು ಹನಿ ಬಿದ್ದಿದೆ, ಅಲ್ಲಿ ಒಂದು ಎಳೆಯೂ ಬೆಳೆದಿಲ್ಲ. ಫೋಟೋ ಸುಳ್ಳಲ್ಲ. ಆದರೆ ಅದನ್ನು ನಂಬಿ ಎಣ್ಣೆ ತಂದವರು ಹೊಲದಲ್ಲಿ ಬೇಸರಪಡುವುದೇ ಜಾಸ್ತಿ. ತಟ್ಟೆಗೆ ಮುಚ್ಚಳ ಇರುತ್ತದೆ, ಆವಿ ಒಳಗೇ ಉಳಿಯುತ್ತದೆ. ಬಿಸಿಲಿಲ್ಲ, ಗಾಳಿಯಿಲ್ಲ, ಮಳೆಯಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ಸುಟ್ಟುಹೋಗಲು ಎಲೆಯೇ ಇಲ್ಲ.

ಹಾಗಾಗಿ ಯಾವ ಎಣ್ಣೆ ಎಲ್ಲಕ್ಕಿಂತ ಸ್ಟ್ರಾಂಗ್ ಎಂದು ಕೇಳಿದರೆ ಉಪಯೋಗವಿಲ್ಲ. ನಾನು ಎರಡು ಪ್ರಶ್ನೆ ಕೇಳುತ್ತೇನೆ. ರೋಗ ಎಲ್ಲಿ ಕೂತಿದೆ, ಎಲೆಯ ಮೇಲೋ ಒಳಗೋ, ಬೀಜದಲ್ಲೋ ಮಣ್ಣಿನಲ್ಲೋ? ಶಿಲೀಂಧ್ರ ಸಾಯುವ ಪ್ರಮಾಣಕ್ಕೂ ಎಲೆ ಸುಡುವ ಪ್ರಮಾಣಕ್ಕೂ ನಡುವೆ ಎಷ್ಟು ಅಂತರ ಉಳಿಯುತ್ತದೆ? ಕೆಳಗೆ ಬರೆದಿರುವ ಹೋಲಿಕೆ ಪೂರ್ತಿ ಈ ಎರಡರ ಮೇಲೆಯೇ ನಿಂತಿದೆ.

ಬೇವಿನ ಎಣ್ಣೆ ಈ ಗುಂಪಿಗೆ ಸೇರುವುದಿಲ್ಲ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಎಡವಿದರೆ ಬೆಳೆಗೆ ಪೆಟ್ಟು ಬೀಳುತ್ತದೆ. ಬೇವಿನ ಎಣ್ಣೆ ಬೀಜ ಹಿಂಡಿ ತೆಗೆದ ಜಿಡ್ಡಿನ ಎಣ್ಣೆ, ಹೊಂಗೆ ಎಣ್ಣೆಯ ಹಾಗೆ. ಸುಗಂಧ ತೈಲ ಬೇರೆ. ಎಲೆ, ಮೊಗ್ಗು, ತೊಗಟೆ, ಬೀಜಗಳನ್ನು ಹಬೆಯಲ್ಲಿ ಬೇಯಿಸಿ, ಆ ಹಬೆಯನ್ನು ತಣಿಸಿ, ನೀರಿನಿಂದ ಬೇರೆ ಮಾಡಿದ್ದು ಅದು. ಕಿತ್ತಳೆ, ನಿಂಬೆಯ ಎಣ್ಣೆಗಳನ್ನು ಮಾತ್ರ ಸಾಮಾನ್ಯವಾಗಿ ಸಿಪ್ಪೆ ಹಿಂಡಿ ತೆಗೆಯುತ್ತಾರೆ. ಕಾಗದದ ಮೇಲೆ ಒಂದೊಂದು ಹನಿ ಬಿಟ್ಟು ನೋಡಿ. ಬೇವಿನ ಎಣ್ಣೆಯ ಕಲೆ ಹಾಗೇ ಉಳಿಯುತ್ತದೆ, ಸುಗಂಧ ತೈಲದ ಕಲೆ ಬಹುಪಾಲು ಆರಿಹೋಗುತ್ತದೆ.

ಬೇವಿನ ಎಣ್ಣೆಯನ್ನು ಲೀಟರ್ ನೀರಿಗೆ 3ರಿಂದ 5 ಮಿಲಿ ಹಾಕುವುದು ರೂಢಿ. ಅದೇ ಅಳತೆಯಲ್ಲಿ ಲವಂಗದ ಎಣ್ಣೆ ಹಾಕಿ ಎಳೆ ಸೌತೆ ಗಿಡಕ್ಕೆ ಹೊಡೆದರೆ ಎಲೆ ಉಳಿಯುವುದು ಕಷ್ಟ. ಲವಂಗದ ಎಣ್ಣೆ ಮತ್ತು ದಾಲ್ಚಿನ್ನಿ ಎಣ್ಣೆಯನ್ನು ಜಾಸ್ತಿ ಪ್ರಮಾಣದಲ್ಲಿ ಕಳೆ ಸುಡುವ ಔಷಧಿಯಾಗಿಯೇ ಬಳಸುತ್ತಾರೆ. ಈ ಒಂದು ಮಾತು ನೆನಪಿದ್ದರೆ ಅರ್ಧ ಅನಾಹುತ ತಪ್ಪುತ್ತದೆ.

ಕೆಲಸ ಮಾಡುವ ರೀತಿ

ಶಿಲೀಂಧ್ರದ ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆ ಇರುತ್ತದೆ. ಎಣ್ಣೆಯ ಅಣುಗಳು ಆ ಪೊರೆಯೊಳಗೆ ಸುಲಭವಾಗಿ ನುಸುಳುತ್ತವೆ. ಪೊರೆ ಸಡಿಲವಾಗುತ್ತದೆ, ಒಳಗಿನ ಪೊಟ್ಯಾಸಿಯಂ ಮೊದಲಾದವು ಸೋರಿಹೋಗುತ್ತವೆ, ಕೋಶ ಸಾಯುತ್ತದೆ. ಗಿಡದ ಕೋಶಕ್ಕೂ ಇಂಥದ್ದೇ ಪೊರೆ ಇದೆ, ಅಲ್ವಾ? ಅದನ್ನು ಕಾಯುವುದು ಎಲೆಯ ಮೇಲಿನ ಮೇಣದ ಪದರ. ಎಳೆ ಎಲೆಯಲ್ಲಿ ಆ ಪದರ ಇನ್ನೂ ತೆಳು. ಅದಕ್ಕೇ ಬಲಿತ ಎಲೆ ತಡೆದುಕೊಂಡ ಪ್ರಮಾಣಕ್ಕೆ ಅದೇ ಗಿಡದ ಚಿಗುರು ಕಂದು ಬಣ್ಣಕ್ಕೆ ತಿರುಗುತ್ತದೆ.

ಇನ್ನೊಂದು ವಿಷಯ. ಇವು ಗಿಡದೊಳಗೆ ಹರಿದು ಹೋಗುವ ಔಷಧಿಗಳಲ್ಲ. ಎಲ್ಲಿ ತಾಗಿತೋ ಅಲ್ಲಿ ಮಾತ್ರ ಕೆಲಸ, ಅದೂ ಸ್ವಲ್ಪ ಹೊತ್ತು, ಯಾಕೆಂದರೆ ಆವಿಯಾಗುವುದು ಅವುಗಳ ಗುಣ. ತಾಮ್ರದ ಔಷಧಿ ಎಲೆಯ ಮೇಲೆ ದಿನಗಟ್ಟಲೆ ಕೂತು ಕಾಯುತ್ತದೆ, ಸುಗಂಧ ತೈಲ ಕಾಯುವುದಿಲ್ಲ. ಈ ಆವಿಯಾಗುವ ಗುಣವೇ ಮುಚ್ಚಿದ ಜಾಗದಲ್ಲಿ ದೊಡ್ಡ ಬಲ, ಬಯಲಿನಲ್ಲಿ ದೊಡ್ಡ ದೌರ್ಬಲ್ಯ.

ಎಣ್ಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ

ಥೈಮ್, ಓರೆಗಾನೊ, ಓಮ. ಈ ಮೂರನ್ನು ಒಂದೇ ಮನೆಯವು ಎಂದುಕೊಳ್ಳಿ. ಥೈಮ್ ಮತ್ತು ಓಮದ ಎಣ್ಣೆಯಲ್ಲಿ ಮುಖ್ಯವಾಗಿ ಥೈಮಾಲ್, ಓರೆಗಾನೊದಲ್ಲಿ ಕಾರ್ವಕ್ರಾಲ್. ಎರಡೂ ಒಂದೇ ಸೂತ್ರದ ಅಣುಗಳು, ಜೋಡಣೆ ಮಾತ್ರ ಬೇರೆ. ಶಿಲೀಂಧ್ರ ಕೊಲ್ಲುವ ಶಕ್ತಿಯಲ್ಲಿ ಈ ಗುಂಪೇ ಮುಂದೆ ಎಂದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಬೂದು ಬೂಸ್ಟು, ಚಿಬ್ಬು ರೋಗ, ಎಲೆಚುಕ್ಕೆಯ ಶಿಲೀಂಧ್ರಗಳು ತೀರ ಕಡಿಮೆ ಪ್ರಮಾಣಕ್ಕೇ ನಿಂತುಬಿಡುತ್ತವೆ. ತೊಂದರೆ ಏನೆಂದರೆ ಎಲೆಯನ್ನೂ ಅಷ್ಟೇ ಬೇಗ ಸುಡುತ್ತವೆ. ಅಂತರ ಚಿಕ್ಕದು. ಇವು ಬೀಜೋಪಚಾರಕ್ಕೆ, ಮುಚ್ಚಿದ ಡಬ್ಬಿಯಲ್ಲಿ ಹಣ್ಣಿಗೆ ಆವಿ ಕೊಡುವುದಕ್ಕೆ, ಖಾಲಿ ಟ್ರೇ ಮತ್ತು ಉಪಕರಣ ತೊಳೆಯುವುದಕ್ಕೆ ಹೊಂದುತ್ತವೆ. ಎಲೆಗೆ ಸಿಂಪಡಿಸುವುದಾದರೆ ಲೀಟರಿಗೆ ಅರ್ಧ ಮಿಲಿಯಿಂದ ಶುರು ಮಾಡಿ, 1 ಮಿಲಿ ದಾಟುವ ಮೊದಲು ನಾಲ್ಕು ಗಿಡದ ಮೇಲೆ ನೋಡಿ.

ಥೈಮ್ ಕೊಳ್ಳುವಾಗ ಮಾತ್ರ ಹುಷಾರು. ಥೈಮ್ ಗಿಡದಲ್ಲಿ ಹಲವು ಬಗೆ ಇವೆ. ಹೊರಗಿನಿಂದ ಒಂದೇ ಥರ ಕಂಡರೂ ಒಂದರ ಎಣ್ಣೆಯಲ್ಲಿ ಥೈಮಾಲ್, ಇನ್ನೊಂದರಲ್ಲಿ ಲಿನಲೂಲ್, ಮತ್ತೊಂದರಲ್ಲಿ ಜೆರಾನಿಯಾಲ್ ತುಂಬಿರುತ್ತದೆ. ಲಿನಲೂಲ್ ಬಗೆಯದು ಮೃದು, ಶಿಲೀಂಧ್ರಕ್ಕೂ ಮೃದು. ಬಾಟಲಿಯ ಮೇಲೆ ಸುಮ್ನೆ "ಥೈಮ್ ಎಣ್ಣೆ" ಎಂದಿದ್ದರೆ ಏನು ತಂದಿರಿ ಎಂದು ನಿಮಗೇ ಗೊತ್ತಿರುವುದಿಲ್ಲ. ಆ ಬ್ಯಾಚಿನ ಪರೀಕ್ಷಾ ವರದಿ ಕೇಳಿ, ಅದರಲ್ಲಿ ಯಾವ ಅಂಶ ಶೇಕಡಾ ಎಷ್ಟು ಎಂದು ಬರೆದಿರುತ್ತದೆ. ಥೈಮಾಲ್ ಜಾಸ್ತಿ ಇರುವ ಎಣ್ಣೆ ತಣ್ಣಗಿನ ದಿನಗಳಲ್ಲಿ ಹರಳುಗಟ್ಟಬಹುದು, ಯಾಕೆಂದರೆ ಶುದ್ಧ ಥೈಮಾಲ್ ಕರಗುವುದೇ 50 ಡಿಗ್ರಿ ಸೆಲ್ಸಿಯಸ್ ಹತ್ತಿರ. ಎಣ್ಣೆ ಕೆಟ್ಟಿದೆ ಎಂದು ಎಸೆಯಬೇಡಿ. ಬಾಟಲಿಯನ್ನು ಬೆಚ್ಚಗಿನ ನೀರಲ್ಲಿ ನಿಲ್ಲಿಸಿದರೆ ಸರಿಹೋಗುತ್ತದೆ.

ಲವಂಗ. ಇದರ ಬಹುಪಾಲು ಯೂಜೆನಾಲ್, ಸಾಮಾನ್ಯವಾಗಿ ಶೇ. 70ಕ್ಕಿಂತ ಜಾಸ್ತಿ. ಥೈಮ್‌ಗಿಂತ ನಿಧಾನವಾಗಿ ಆವಿಯಾಗುತ್ತದೆ, ಹಾಗಾಗಿ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಯುರೋಪಿನಲ್ಲಿ ಕೊಯ್ಲಾದ ಸೇಬು, ಪೇರ್ ಹಣ್ಣು ಕೊಳೆಯದಂತೆ ತಡೆಯಲು ಲವಂಗದ ಎಣ್ಣೆಗೆ ಅನುಮತಿ ಇದೆ. ಎಳೆ ಎಲೆಗಳ ಮಟ್ಟಿಗೆ ನಾನು ಇದನ್ನು ಎಲ್ಲಕ್ಕಿಂತ ಅಪಾಯದ್ದು ಎನ್ನುತ್ತೇನೆ, ಅದಕ್ಕೆ ಕಾರಣ ಇದೆ.

ಒಮ್ಮೆ ಸೌತೆ ಬಳ್ಳಿಗೆ ಬೂದಿ ರೋಗ ಬಂದಾಗ ಲವಂಗದ ಎಣ್ಣೆಯನ್ನು ಹಾಗೇ ನೀರಿಗೆ ಸುರಿದು, ಚೆನ್ನಾಗಿ ಕಲಕಿ ಹೊಡೆದೆ. ಎರಡು ದಿನ ಬಿಟ್ಟು ನೋಡಿದರೆ ಮೊದಲ ಸಾಲಿನ ಬಳ್ಳಿಗಳ ಎಲೆಯಂಚು ಸುಟ್ಟು ಸುರುಟಿಕೊಂಡಿತ್ತು, ಕೊನೆಯ ಸಾಲಿನಲ್ಲಿ ಬಿಳಿ ಬೂದಿ ಹಾಗೇ ಇತ್ತು. ಅದೇ ಟ್ಯಾಂಕು, ಅದೇ ದಿನ. ಆಮೇಲೆ ಅರ್ಥವಾಯಿತು. ಹೆಚ್ಚಿನ ಸುಗಂಧ ತೈಲಗಳು ನೀರಿಗಿಂತ ಹಗುರ, ಮೇಲೆ ತೇಲುತ್ತವೆ. ಲವಂಗದ ಎಣ್ಣೆ ನೀರಿಗಿಂತ ಭಾರ. ಅದು ತಳಕ್ಕೆ ಇಳಿಯುತ್ತದೆ, ಪಂಪಿನ ಕೊಳವೆ ಹೀರುವುದೂ ತಳದಿಂದಲೇ. ಮೊದಲ ಗಿಡಗಳಿಗೆ ಎಣ್ಣೆ ಸಿಕ್ಕಿತು, ಕೊನೆಯವಕ್ಕೆ ಬರೀ ನೀರು. ಆ ಮೊದಲ ಸಾಲು ಚೇತರಿಸಿಕೊಳ್ಳಲೇ ಇಲ್ಲ.

ದಾಲ್ಚಿನ್ನಿ. ಇಲ್ಲಿ ಒಂದೇ ಹೆಸರಿನಲ್ಲಿ ಎರಡು ಸರಕು ಇವೆ. ತೊಗಟೆಯ ಎಣ್ಣೆಯಲ್ಲಿ ಸಿನ್ನಮಾಲ್ಡಿಹೈಡ್, ಎಲೆಯ ಎಣ್ಣೆಯಲ್ಲಿ ಮುಖ್ಯವಾಗಿ ಯೂಜೆನಾಲ್. ಅಂದರೆ ದಾಲ್ಚಿನ್ನಿ ಎಲೆಯ ಎಣ್ಣೆ ಗುಣದಲ್ಲಿ ಲವಂಗದ ತಮ್ಮ. ತೊಗಟೆಯ ಎಣ್ಣೆ ಶಿಲೀಂಧ್ರದ ಪ್ರೋಟೀನುಗಳಿಗೇ ಅಂಟಿಕೊಂಡು ಕೆಲಸ ಕೆಡಿಸುತ್ತದೆ, ಆವಿಯ ರೂಪದಲ್ಲೂ ಬಲವಾಗಿದೆ. ಆದರೆ ಮನುಷ್ಯರ ಚರ್ಮಕ್ಕೆ ಇದರಷ್ಟು ಕಿರಿಕಿರಿ ಮಾಡುವ ಎಣ್ಣೆ ಕಡಿಮೆ. ಒಮ್ಮೆ ಅಲರ್ಜಿ ಶುರುವಾದರೆ ಆಮೇಲೆ ಒಂದು ಹನಿಗೂ ಚರ್ಮ ಏಳುತ್ತದೆ. ದಿನವೂ ಔಷಧಿ ಹೊಡೆಯುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಮಜ್ಜಿಗೆ ಹುಲ್ಲು, ಸಿಟ್ರೊನೆಲ್ಲಾ, ಪಾಮರೋಸಾ. ಹುಲ್ಲಿನ ಗುಂಪು. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಶೇ. 70ಕ್ಕೂ ಹೆಚ್ಚು ಸಿಟ್ರಾಲ್, ಪಾಮರೋಸಾದಲ್ಲಿ ಬಹುಪಾಲು ಜೆರಾನಿಯಾಲ್. ಶಕ್ತಿಯಲ್ಲಿ ಥೈಮ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಎಲೆಗೆ ಸ್ವಲ್ಪ ಸಹನೀಯ. ಸಿಟ್ರಾಲ್ ಬೆಳಕು, ಗಾಳಿ ತಾಗಿದರೆ ಬೇಗ ಹಾಳಾಗುತ್ತದೆ. ತೆರೆದ ಬಾಟಲಿ ಕಿಟಕಿಯ ಹತ್ತಿರ ಇಟ್ಟಿದ್ದರೆ ಕೆಲವು ತಿಂಗಳಲ್ಲಿ ಅದು ಮೊದಲಿನ ಎಣ್ಣೆ ಆಗಿರುವುದಿಲ್ಲ. ಸಿಟ್ರೊನೆಲ್ಲಾ ಸೊಳ್ಳೆಗೆ ಹೆಸರಾದದ್ದು, ಶಿಲೀಂಧ್ರಕ್ಕೆ ನನ್ನ ಮೊದಲ ಆಯ್ಕೆ ಅಲ್ಲ.

ಟೀ ಟ್ರೀ. ಚಹಾ ಗಿಡಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ಆಸ್ಟ್ರೇಲಿಯಾ ಮೂಲದ ಬೇರೆಯೇ ಮರ. ತಟ್ಟೆಯ ಪರೀಕ್ಷೆಯಲ್ಲಿ ಥೈಮ್‌ನಷ್ಟು ಬಿರುಸು ಕಾಣುವುದಿಲ್ಲ. ಆದರೂ ಹೊಲದಲ್ಲಿ ಎಲೆಗೆ ಹೊಡೆಯಲು ಒಂದೇ ಎಣ್ಣೆ ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ. ಅಂತರ ದೊಡ್ಡದು, ಅಂದರೆ ರೋಗ ತಡೆಯುವ ಪ್ರಮಾಣದಲ್ಲಿ ಎಲೆ ಸುಡುವ ಭಯ ಕಡಿಮೆ. ಬಾಳೆಯ ಕಪ್ಪು ಸಿಗಟೋಕ ಎಲೆಚುಕ್ಕೆ, ತರಕಾರಿ ಮತ್ತು ದ್ರಾಕ್ಷಿಯ ಬೂದಿ ರೋಗಗಳಿಗೆ ಇದರಿಂದ ಮಾಡಿದ ಟಿಮೊರೆಕ್ಸ್ ಗೋಲ್ಡ್ ಎಂಬ ಔಷಧಿ ಹಲವು ದೇಶಗಳಲ್ಲಿ ವರ್ಷಗಳಿಂದ ಬಳಕೆಯಲ್ಲಿದೆ. ಗುಣಮಟ್ಟ ನೋಡುವುದೂ ಸುಲಭ. ಐಎಸ್‌ಒ 4730 ಎಂಬ ಅಂತರರಾಷ್ಟ್ರೀಯ ಮಾನದಂಡ ಇದಕ್ಕೆಂದೇ ಇದೆ, ಅದರ ಪ್ರಕಾರ ಈ ಎಣ್ಣೆಯ ಮುಖ್ಯ ಅಂಶವಾದ ಟರ್ಪಿನೆನ್-4-ಆಲ್ ಶೇ. 35ರಿಂದ 48ರ ಒಳಗೆ ಇರಬೇಕು. ಬೆಕ್ಕು ಇರುವ ಮನೆಯಲ್ಲಿ ಬಾಟಲಿ ಮುಚ್ಚಿ ಮೇಲಿಡಿ, ನೇರ ಎಣ್ಣೆ ಅವಕ್ಕೆ ವಿಷ.

ಕಿತ್ತಳೆ ಸಿಪ್ಪೆಯ ಎಣ್ಣೆ. ಶೇ. 90ಕ್ಕಿಂತ ಹೆಚ್ಚು ಲಿಮೋನೀನ್. ಇದರ ದಾರಿ ಬೇರೆ. ಶಿಲೀಂಧ್ರದ ಎಳೆಗಳು ಮೇಲೆ ತೆರೆದುಕೊಂಡಿದ್ದರೆ ಅವನ್ನು ಒಣಗಿಸಿಬಿಡುತ್ತದೆ, ಬಿಳಿನೊಣದಂಥ ಮೆತ್ತನೆಯ ಕೀಟಗಳಿಗೂ ತಾಗುತ್ತದೆ. ಬೂದಿ ರೋಗಕ್ಕೆ ಚೆನ್ನಾಗಿ ಹೊಂದುತ್ತದೆ, ಬೇರೆ ರೋಗಗಳಿಗೆ ಅಷ್ಟಾಗಿ ಇಲ್ಲ. ಸ್ಪ್ರೇಯರಿನ ಕೆಲವು ಬಗೆಯ ರಬ್ಬರ್ ವಾಷರ್, ಪ್ಲಾಸ್ಟಿಕ್ ಭಾಗಗಳನ್ನು ಮೆತ್ತಗೆ ಮಾಡುವ ಗುಣ ಇದೆ, ಹಾಗಾಗಿ ಕೆಲಸ ಮುಗಿದ ತಕ್ಷಣ ತೊಳೆಯಿರಿ. ಬೆಂಕಿಯಿಂದಲೂ ದೂರ ಇಡಿ.

ನೀಲಗಿರಿ, ರೋಸ್‌ಮೆರಿ, ಲ್ಯಾವೆಂಡರ್ ಎಣ್ಣೆಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಘಮ ಜೋರು, ಶಿಲೀಂಧ್ರದ ಮೇಲೆ ಪರಿಣಾಮ ಕಡಿಮೆ. ಮೂಗಿಗೆ ಖಾರ ಎನಿಸಿದ್ದೆಲ್ಲ ರೋಗಕ್ಕೆ ಖಾರ ಆಗಿರಬೇಕಿಲ್ಲ.

ನಿಮ್ಮ ರೋಗ ಯಾವುದು ಎಂಬುದರಿಂದ ಶುರು ಮಾಡಿ

ಬೂದಿ ರೋಗ ಇದ್ದರೆ ನೀವು ಅದೃಷ್ಟವಂತರು. ಆ ಶಿಲೀಂಧ್ರ ಎಲೆಯ ಮೇಲೆಯೇ ಹರಡಿಕೊಂಡು, ಸಣ್ಣ ಹೀರುಕೊಳವೆಗಳನ್ನು ಮಾತ್ರ ಎಲೆಯ ಮೇಲ್ಪದರದೊಳಗೆ ಇಳಿಸುತ್ತದೆ. ಔಷಧಿ ನೇರವಾಗಿ ತಾಗುತ್ತದೆ. ಟೀ ಟ್ರೀ ಅಥವಾ ಕಿತ್ತಳೆ ಎಣ್ಣೆ, 7ರಿಂದ 10 ದಿನಕ್ಕೊಮ್ಮೆ, ಮೊದಲ ಬಿಳಿ ಚುಕ್ಕೆ ಕಂಡ ದಿನದಿಂದಲೇ. ಹಾಗಂತ ಗಂಧಕ ಮತ್ತು ಪೊಟ್ಯಾಸಿಯಂ ಬೈಕಾರ್ಬನೇಟ್ ಕೂಡ ಇದೇ ರೋಗಕ್ಕೆ ಒಳ್ಳೆಯ ಕೆಲಸ ಮಾಡುತ್ತವೆ, ಮತ್ತು ಸಾವಯವ ಬೇಸಾಯದಲ್ಲಿ ಅವೂ ಸಾಮಾನ್ಯವಾಗಿ ನಡೆಯುತ್ತವೆ. ಗಂಧಕ ನಿಮ್ಮ ಬೆಳೆಗೆ ಒಗ್ಗುತ್ತಿದ್ದರೆ ಬರೀ ಹೊಸದು ಎಂಬ ಕಾರಣಕ್ಕೆ ಎಣ್ಣೆಗೆ ಬದಲಾಯಿಸಬೇಕಿಲ್ಲ.

ಬೂದು ಬೂಸ್ಟು, ಅಂದರೆ ದ್ರಾಕ್ಷಿ, ಸ್ಟ್ರಾಬೆರಿಯಲ್ಲಿ ಹಣ್ಣನ್ನೇ ಕೊಳೆಸುವ ಬೊಟ್ರೈಟಿಸ್. ಇದಕ್ಕೆ ಯೂಜೆನಾಲ್, ಜೆರಾನಿಯಾಲ್, ಥೈಮಾಲ್ ಮೂರನ್ನೂ ಸೇರಿಸಿ ಮಾಡಿದ ಮೆವಲೋನ್ ಎಂಬ ಔಷಧಿ ಯುರೋಪಿನಲ್ಲಿದೆ. ಈ ಮೂರು ಅಂಶಗಳಿಗೆ ಅಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಎಣ್ಣೆಯನ್ನು ತುಂಬಿಡುವ ರೀತಿ. ಯೀಸ್ಟ್‌ನ ಖಾಲಿ ಕೋಶಗೋಡೆಗಳನ್ನು ಪುಟ್ಟ ಡಬ್ಬಿಗಳ ಹಾಗೆ ಬಳಸಿ, ಒಳಗೆ ಎಣ್ಣೆಯ ಅಂಶಗಳನ್ನು ಇಟ್ಟಿದ್ದಾರೆ. ತೇವ ತಾಗಿದಾಗ ಅವು ನಿಧಾನವಾಗಿ ಹೊರಬರುತ್ತವೆ. ಶಿಲೀಂಧ್ರ ಏಳುವುದೂ ತೇವದಲ್ಲೇ. ಬೇಗ ಹಾರಿಹೋಗುವುದು, ಎಲೆ ಸುಡುವುದು ಎಂಬ ಎರಡು ತೊಂದರೆಗಳಿಗೆ ಒಂದೇ ಏಟಿಗೆ ಉತ್ತರ ಹುಡುಕಿದ್ದಾರೆ. ಮನೆಯಲ್ಲಿ ನಾವು ಅದನ್ನು ಮಾಡಲಾರೆವು. ಇಂಥ ರೋಗಕ್ಕೆ ತಯಾರಾದ ಔಷಧಿಯೇ ಮೇಲು ಎಂದು ನಾನು ಹೇಳುವುದು ಅದಕ್ಕೇ.

ಎಲೆಚುಕ್ಕೆ, ಚಿಬ್ಬು ರೋಗಗಳಲ್ಲಿ ಶಿಲೀಂಧ್ರ ಎಲೆಯ ಒಳಗೆ ಹೋಗಿ ಕೂರುತ್ತದೆ. ಚುಕ್ಕೆ ಕಂಡ ಮೇಲೆ ಹೊಡೆದರೆ ಆ ಚುಕ್ಕೆ ಹೋಗುವುದಿಲ್ಲ. ಹೊಸ ಬೀಜಕಣ ಮೊಳೆಯದಂತೆ ತಡೆಯಬಹುದು, ಅಷ್ಟೇ. ಬಾಧೆ ಬಿದ್ದ ಎಲೆ ಕಿತ್ತು ಹೊರಗೆ ಹಾಕಿ, ಆಮೇಲೆ ಟೀ ಟ್ರೀ ಅಥವಾ ಕಡಿಮೆ ಪ್ರಮಾಣದ ಥೈಮ್.

ದ್ರಾಕ್ಷಿ, ಸೌತೆಯ ಬೂಜು ರೋಗ ಮತ್ತು ಆಲೂಗಡ್ಡೆ, ಟೊಮೆಟೊದ ತಡ ಅಂಗಮಾರಿ ವಿಷಯದಲ್ಲಿ ನನ್ನ ಸಲಹೆ ನೇರವಾಗಿದೆ: ಎಣ್ಣೆಯೊಂದನ್ನೇ ನಂಬಬೇಡಿ. ಇವನ್ನು ತರುವ ಜೀವಿಗಳು ನಿಜವಾದ ಶಿಲೀಂಧ್ರಗಳೇ ಅಲ್ಲ, ನೀರಿನ ಪಾಚಿಗಳ ದೂರದ ನೆಂಟರು. ಎಲೆಯ ಒಳಗೇ ಹಬ್ಬುತ್ತವೆ, ತಂಪು ಮತ್ತು ತೇವ ಸಿಕ್ಕರೆ ಕೆಲವೇ ದಿನಗಳಲ್ಲಿ ಹೊಲ ಮುಗಿಸುತ್ತವೆ. ಮಳೆ ಬಿಡದೆ ಹಿಡಿದಾಗ ಅರ್ಧ ದಿನವೂ ಎಲೆಯ ಮೇಲೆ ನಿಲ್ಲದ ಎಣ್ಣೆಯನ್ನು ಹಿಡಿದು ಕೂರುವುದು ಬೆಳೆಯನ್ನು ಪಣಕ್ಕಿಟ್ಟ ಹಾಗೆ.

ಬೀಜದ ಮೇಲಿನ ಶಿಲೀಂಧ್ರಕ್ಕೆ ಥೈಮ್ ಗುಂಪು ಒಳ್ಳೆಯದು, ಆದರೆ ಪ್ರಮಾಣ ಮೀರಿದರೆ ಮೊಳಕೆಯೇ ಬರುವುದಿಲ್ಲ. ಐವತ್ತು ಬೀಜಕ್ಕೆ ಹಚ್ಚಿ, ಹಚ್ಚದ ಐವತ್ತರ ಜೊತೆ ಒದ್ದೆ ಬಟ್ಟೆಯಲ್ಲಿ ಇಟ್ಟು ಎಣಿಸಿ ನೋಡಿದ ಮೇಲೆ ಉಳಿದ ಬೀಜಕ್ಕೆ ಕೈ ಹಾಕಿ. ಕೊಯ್ಲಾದ ಹಣ್ಣು, ಸಂಗ್ರಹದ ಕೋಣೆ, ಇವೇ ಈ ಎಣ್ಣೆಗಳ ಆವಿ ನಿಜವಾಗಿ ಹೊಳೆಯುವ ಜಾಗ. ಅಲ್ಲಿ ಎದುರಾಗುವ ತೊಂದರೆ ವಾಸನೆ. ಹಣ್ಣು ಕೊಳೆಯದೆ ಉಳಿದು, ಬಾಯಿಗಿಟ್ಟರೆ ಲವಂಗದ ರುಚಿ ಬಂದರೆ ಯಾರೂ ತಿನ್ನುವುದಿಲ್ಲ. ಕಾಳಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಬೂಸ್ಟು ಈಗಾಗಲೇ ಬಂದು ಅಫ್ಲಾಟಾಕ್ಸಿನ್ ಎಂಬ ಅದರ ವಿಷ ಸೇರಿದ್ದರೆ, ಬೂಸ್ಟು ಸತ್ತರೂ ವಿಷ ಉಳಿದೇ ಇರುತ್ತದೆ. ಅಂಥ ಕಾಳನ್ನು ಎಣ್ಣೆ ಹಾಕಿ ಉಳಿಸಲು ಹೋಗಬೇಡಿ.

ಸೊರಗು ರೋಗ, ಬೇರು ಕೊಳೆ? ಮಣ್ಣಿಗೆ ಸುರಿದ ಎಣ್ಣೆ ಮಣ್ಣಿನ ಕಣಗಳಿಗೆ ಅಂಟಿಕೊಂಡು, ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಬೇಗ ಮಾಯವಾಗುತ್ತದೆ. ಗಿಡದ ಒಳನಾಳಕ್ಕೆ ಸೇರಿದ, ಸೊರಗು ರೋಗ ತರುವ ಫ್ಯುಸೇರಿಯಂ ಶಿಲೀಂಧ್ರದ ತನಕ ಅದು ತಲುಪುವುದೇ ಇಲ್ಲ. ಇಲ್ಲಿ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ, ಬೆಳೆ ಬದಲಾವಣೆ, ನೀರು ಬಸಿಯುವ ಹಾಗೆ ಮಾಡುವುದು, ರೋಗ ತಡೆಯುವ ತಳಿ, ಇವುಗಳ ಕಡೆ ಗಮನ ಕೊಡಿ.

ತಯಾರಾದದ್ದೋ, ಮನೆಯಲ್ಲಿ ಕಲಸಿದ್ದೋ

ಬೆಳೆ ದೊಡ್ಡದಿದ್ದು, ನಿಮ್ಮ ಬೆಳೆ ಮತ್ತು ರೋಗದ ಹೆಸರು ಲೇಬಲ್ ಮೇಲೆ ಇರುವ ತಯಾರಾದ ಔಷಧಿ ಸಿಗುತ್ತಿದ್ದರೆ ಅದನ್ನೇ ತನ್ನಿ. ಎಣ್ಣೆ ನೀರಿನಲ್ಲಿ ಸಮವಾಗಿ ಬೆರೆಯುವಂತೆ ಮಾಡುವುದೇ ಇಲ್ಲಿನ ದೊಡ್ಡ ಕಸುಬು, ಅದನ್ನು ಅವರು ಮಾಡಿಟ್ಟಿರುತ್ತಾರೆ. ಆದರೆ "ನೈಸರ್ಗಿಕ" ಎಂಬ ಪದ ಕಂಡ ಮಾತ್ರಕ್ಕೆ ಪರೀಕ್ಷೆ ಆಗಿದೆ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 1996ರಿಂದ ಲವಂಗ, ಥೈಮ್, ದಾಲ್ಚಿನ್ನಿ ಮೊದಲಾದ ಎಣ್ಣೆಗಳ ಔಷಧಿಗಳನ್ನು ಕಡಿಮೆ ಅಪಾಯದವು ಎಂದು ಕೇಂದ್ರ ಸರ್ಕಾರದ ನೋಂದಣಿಯಿಂದ ಬಿಟ್ಟಿದ್ದಾರೆ. ಅಂದರೆ ಅವು ರೋಗ ತಡೆಯುತ್ತವೆಯೇ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಮೊದಲೇ ಪರಿಶೀಲಿಸಿರುವುದಿಲ್ಲ. ಸಾವಯವ ಪ್ರಮಾಣಪತ್ರ ಇರುವವರು ಎಣ್ಣೆಯನ್ನಷ್ಟೇ ಅಲ್ಲ, ಅದರ ಜೊತೆ ಬೆರೆಸಿದ ಪದಾರ್ಥ ನಡೆಯುತ್ತದೆಯೇ ಎಂದೂ ಕೇಳಿಕೊಳ್ಳಿ.

ಕೈತೋಟದ ಹತ್ತಿಪ್ಪತ್ತು ಗಿಡಕ್ಕಾದರೆ ಮನೆಯಲ್ಲೇ ಕಲಸಬಹುದು. ಮೊದಲು ಎಣ್ಣೆಯನ್ನೂ ಪಾಲಿಸಾರ್ಬೇಟ್ 80 ಎಂಬ ಬೆರೆಸುವ ದ್ರವವನ್ನೂ ಸಮ ಪ್ರಮಾಣದಲ್ಲಿ ಚಿಕ್ಕ ಬಾಟಲಿಯಲ್ಲಿ ಕುಲುಕಿ. ಆಮೇಲೆ ಸ್ವಲ್ಪ ಉಗುರುಬೆಚ್ಚಗಿನ ನೀರು ಹಾಕಿ ಹಾಲಿನ ಹಾಗೆ ಬೆಳ್ಳಗಾಗುವ ತನಕ ಕುಲುಕಿ. ಅದನ್ನು ಪೂರ್ತಿ ನೀರಿಗೆ ಸೇರಿಸಿ. ಹತ್ತು ನಿಮಿಷ ಬಿಟ್ಟು ನೋಡಿದಾಗ ಮೇಲೆ ಅಥವಾ ತಳದಲ್ಲಿ ಎಣ್ಣೆಯ ಪದರ ಕಂಡರೆ ಇನ್ನಷ್ಟು ಬೆರೆಸುವ ದ್ರವ ಬೇಕು ಎಂದರ್ಥ, ಹಾಗೇ ಹೊಡೆಯಬೇಡಿ. ಈ ದ್ರವದ ಬದಲು ಸೋಪು ಹಾಕಲು ಹೋದರೆ ಗಡಸು ನೀರಿನಲ್ಲಿ ಅದು ಒಡೆದು ಮೊಸರಿನಂತಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಎಲೆಯ ಮೇಣವನ್ನೇ ತೆಗೆದುಬಿಡುತ್ತದೆ, ಆಮೇಲೆ ಎಣ್ಣೆಗೆ ತಡೆಯೇ ಇರುವುದಿಲ್ಲ.

ಅಳತೆಗೆ ಸಿರಿಂಜ್ ಬಳಸಿ. ಹನಿ ಎಣಿಸುವುದು ಬೇಡ, ಒಂದೊಂದು ಎಣ್ಣೆಯ ಹನಿ ಒಂದೊಂದು ಗಾತ್ರ. ಲೀಟರಿಗೆ 1 ಮಿಲಿ ಅಂದರೆ ಶೇ. 0.1. ಟೀ ಟ್ರೀ, ಹುಲ್ಲಿನ ಎಣ್ಣೆಗಳಿಗೆ ಅಲ್ಲಿಂದ ಶುರು ಮಾಡಿ, 2 ಮಿಲಿ ತನಕ ಏರಿಸಿ ನೋಡಬಹುದು.

ಸಂಜೆ ಹೊಡೆಯಿರಿ. 30 ಡಿಗ್ರಿ ಮೇಲೆ ಬಿಸಿ ಇರುವ ಹೊತ್ತಿನಲ್ಲಿ, ನೀರಿಲ್ಲದೆ ಬಾಡಿದ ಗಿಡಕ್ಕೆ, ಹೂ ಬಿರಿದು ಜೇನು ಓಡಾಡುವಾಗ ಬೇಡ. ಗಂಧಕ ಹೊಡೆದಿದ್ದರೆ ಎರಡು ವಾರ ಎಣ್ಣೆ ಮುಟ್ಟಬೇಡಿ, ಎರಡೂ ಸೇರಿದರೆ ಎಲೆ ಸುಡುತ್ತದೆ. ಟ್ರೈಕೋಡರ್ಮಾವನ್ನು ಇದೇ ಟ್ಯಾಂಕಿಗೆ ಹಾಕುವವರನ್ನು ಕಂಡಿದ್ದೇನೆ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಎಣ್ಣೆಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ಕಲಸುವಾಗ ಕೈಗವಸು, ಕನ್ನಡಕ ಇರಲಿ.

ಮೊದಲ ಸಲ ಹೊಡೆಯುವಾಗ ಮೂರು ಗಿಡಕ್ಕೆ ಎಣ್ಣೆ, ಮೂರಕ್ಕೆ ಎಣ್ಣೆ ಇಲ್ಲದೆ ಬೆರೆಸುವ ದ್ರವ ಮಾತ್ರ ಇರುವ ನೀರು, ಮೂರಕ್ಕೆ ಏನೂ ಇಲ್ಲ. ಗುರುತಿಗೆ ದಾರ ಕಟ್ಟಿ. ಎರಡು ದಿನ ಬಿಟ್ಟು ಎಲೆಯಂಚು ಮತ್ತು ಚಿಗುರು ನೋಡಿ, ಹತ್ತು ದಿನ ಬಿಟ್ಟು ಹೊಸ ಎಲೆಗಳಲ್ಲಿ ರೋಗ ಎಷ್ಟಿದೆ ಎಂದು ಎಣಿಸಿ. ಏನೂ ಹೊಡೆಯದ ಆ ಮೂರು ಗಿಡ ಇಲ್ಲದಿದ್ದರೆ, ರೋಗ ಇಳಿದದ್ದು ಎಣ್ಣೆಯಿಂದಲೋ ಹವೆ ಒಣಗಿದ್ದರಿಂದಲೋ ಹೇಳಲು ಬರುವುದಿಲ್ಲ.